ಕ್ಲಾಡ್ ಮೋನೆ: ಕಣ್ಣಿನ ಪೊರೆಯೊಂದಿಗೆ ಹೋರಾಡಿದ ಚಿತ್ರಕಾರ

ಫ್ರಾನ್ಸ್ ದೇಶದ ಚಿತ್ರಕಾರ ಕ್ಲಾಡ್ ಮೋನೆ ಅವರ ಹೆಸರು ಕೇಳದವರೂ ಅವರ ಚಿತ್ರಗಳನ್ನು ನೋಡಿರುತ್ತಾರೆ. ಕೊಳದ ನೀರಿನ ಮೇಲೆ ತೇಲುವ ನೈದಿಲೆ ಹೂಗಳ ಆ ಚಿತ್ರಗಳು ಕ್ಯಾಲೆಂಡರ್‌ಗಳಲ್ಲಿ, ನೋಟ್‌ಬುಕ್ಕಿನ ರಟ್ಟುಗಳ ಮೇಲೆ, ಮೊಬೈಲ್ ಪರದೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಅನೇಕ ಚಿತ್ರಗಳನ್ನು ಬಿಡಿಸುವಾಗ ಅವರ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿತ್ತು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಪೊರೆ ಇದೆ ಎಂದು ವೈದ್ಯರು 1912ರಲ್ಲೇ ಮೋನೆಗೆ ತಿಳಿಸಿದ್ದರು. ಅವರು ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು 1923ರಲ್ಲಿ. ನಡುವಿನ ಸುಮಾರು ಹನ್ನೊಂದು ವರ್ಷಗಳಲ್ಲಿ ಅವರು ಏನನ್ನು ಕಳೆದುಕೊಂಡರು, ಅಷ್ಟು ಕಾಲ ಏಕೆ ಹೆದರಿದರು, ಕೊನೆಗೆ ಏನನ್ನು ಮರಳಿ ಪಡೆದರು ಎಂಬುದು ಒಬ್ಬ ಕಲಾವಿದರ ಕಥೆ ಮಾತ್ರವಲ್ಲ. ಹಿರಿಯರಿರುವ ಪ್ರತಿಯೊಂದು ಮನೆಗೂ ಅದರಲ್ಲಿ ಕಲಿಯುವುದಿದೆ.

ಬಾಲ್ಯ ಮತ್ತು ಕಲಿಕೆ

ಮೋನೆ ಹುಟ್ಟಿದ್ದು 1840ರ ನವೆಂಬರ್ 14ರಂದು, ಪ್ಯಾರಿಸ್ ನಗರದಲ್ಲಿ. ಅವರು ಚಿಕ್ಕವರಿದ್ದಾಗಲೇ ಕುಟುಂಬವು ಉತ್ತರ ಫ್ರಾನ್ಸಿನ ಬಂದರು ಪಟ್ಟಣವಾದ ಲ ಹಾವ್ರ್‌ಗೆ ಹೋಗಿ ನೆಲೆಸಿತು. ತಂದೆ ವ್ಯಾಪಾರಿ. ಮಗನೂ ವ್ಯಾಪಾರಕ್ಕೇ ಬರಲಿ ಎಂಬುದು ಅವರ ಆಸೆ. ಆದರೆ ಹುಡುಗನಿಗೆ ಶಾಲೆಯ ಪಾಠಕ್ಕಿಂತ ಪುಸ್ತಕದ ಅಂಚಿನಲ್ಲಿ ಚಿತ್ರ ಬಿಡಿಸುವುದೇ ಇಷ್ಟ. ಹದಿಹರೆಯದಲ್ಲೇ ಊರಿನ ಜನರ ವ್ಯಂಗ್ಯಚಿತ್ರಗಳನ್ನು ಬರೆದು, ಮಾರಿ, ಹಣ ಸಂಪಾದಿಸುತ್ತಿದ್ದರು.

ಅದೇ ಪಟ್ಟಣದಲ್ಲಿ ಯೂಜೀನ್ ಬೂದೆ ಎಂಬ ಚಿತ್ರಕಾರರ ಪರಿಚಯವಾಯಿತು. ಬೂದೆ ಈ ಹುಡುಗನನ್ನು ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಿ, ಕೋಣೆಯೊಳಗೆ ಕುಳಿತು ನೆನಪಿನಿಂದ ಬರೆಯುವ ಬದಲು ಬಯಲಲ್ಲಿ ನಿಂತು ಕಣ್ಣಿಗೆ ಕಂಡದ್ದನ್ನು ಬರೆಯಲು ಕಲಿಸಿದರು. ಆಕಾಶ, ನೀರು, ಮೋಡ ಇವುಗಳ ಬಣ್ಣ ಗಳಿಗೆ ಗಳಿಗೆಗೂ ಬದಲಾಗುತ್ತದೆ ಎಂಬುದನ್ನು ಮೋನೆ ಅಲ್ಲಿ ಕಂಡುಕೊಂಡರು. ಮುಂದಿನ ಸುಮಾರು ಎಪ್ಪತ್ತು ವರ್ಷ ಅವರು ಮಾಡಿದ್ದು ಇದನ್ನೇ: ಬದಲಾಗುವ ಬೆಳಕನ್ನು ಬಟ್ಟೆಯ ಮೇಲೆ ಹಿಡಿಯುವುದು.

1861ರಲ್ಲಿ ಸೈನ್ಯದ ಸೇವೆಗಾಗಿ ಅಲ್ಜೀರಿಯಾಕ್ಕೆ ಹೋದರು. ಕಾಯಿಲೆಯಿಂದಾಗಿ ಮರುವರ್ಷವೇ ಹಿಂದಿರುಗಬೇಕಾಯಿತಾದರೂ ಉತ್ತರ ಆಫ್ರಿಕಾದ ಪ್ರಖರ ಬೆಳಕು ಮತ್ತು ಬಣ್ಣಗಳು ಅವರ ಮನಸ್ಸಿನಲ್ಲಿ ಉಳಿದವು. ಬಳಿಕ ಪ್ಯಾರಿಸ್‌ನಲ್ಲಿ ರೆನ್ವಾ, ಸಿಸ್ಲಿ, ಬಜೀಲ್ ಮುಂತಾದ ಯುವ ಚಿತ್ರಕಾರರ ಸ್ನೇಹವಾಯಿತು. ಇವರ ಚಿತ್ರಗಳನ್ನು ಅಂದಿನ ಅಧಿಕೃತ ಪ್ರದರ್ಶನಗಳು ಮತ್ತೆ ಮತ್ತೆ ತಿರಸ್ಕರಿಸಿದವು. 1874ರಲ್ಲಿ ಗೆಳೆಯರೆಲ್ಲ ಸೇರಿ ತಾವೇ ಒಂದು ಪ್ರದರ್ಶನ ಏರ್ಪಡಿಸಿದರು. ಅಲ್ಲಿದ್ದ, ಸೂರ್ಯೋದಯದ ಬಂದರನ್ನು ತೋರಿಸುವ ಮೋನೆಯವರ ಚಿತ್ರದ ಹೆಸರಿನಲ್ಲಿ ಇಂಪ್ರೆಶನ್ ಎಂಬ ಪದವಿತ್ತು. ಪತ್ರಿಕೆಯ ವಿಮರ್ಶಕರೊಬ್ಬರು ಅದೇ ಪದವನ್ನು ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿದರು. ಗೇಲಿಯ ಆ ಹೆಸರೇ ಮುಂದೆ ಇಂಪ್ರೆಶನಿಸಂ ಎಂಬ ಕಲಾಪಂಥದ ಹೆಸರಾಗಿ ಉಳಿಯಿತು.

ಆ ವರ್ಷಗಳಲ್ಲಿ ಮೋನೆ ಬಡತನವನ್ನು ಚೆನ್ನಾಗಿಯೇ ಉಂಡರು. ಬಣ್ಣ ಕೊಳ್ಳಲೂ ಕೈಯಲ್ಲಿ ಹಣವಿಲ್ಲದ ದಿನಗಳಿದ್ದವು. 1879ರಲ್ಲಿ ಪತ್ನಿ ಕಮೀಲ್ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು.

ಜಿವರ್ನಿಯ ಕೊಳ

1883ರಲ್ಲಿ ಮೋನೆ ಪ್ಯಾರಿಸ್‌ನಿಂದ ಸುಮಾರು 75 ಕಿಲೋಮೀಟರ್ ದೂರದ ಜಿವರ್ನಿ ಎಂಬ ಹಳ್ಳಿಗೆ ಬಂದರು. ನಿಧಾನವಾಗಿ ಚಿತ್ರಗಳಿಗೆ ಬೆಲೆ ಬಂತು. 1890ರಲ್ಲಿ ಬಾಡಿಗೆಯ ಮನೆಯನ್ನೇ ಕೊಂಡುಕೊಂಡರು. ಬಳಿಕ ಪಕ್ಕದ ಜಮೀನು ಕೊಂಡು ಕೊಳ ತೋಡಿಸಿ, ನೈದಿಲೆಗಳನ್ನು ನೆಡಿಸಿ, ಜಪಾನಿ ಮಾದರಿಯ ಒಂದು ಕಮಾನು ಸೇತುವೆ ಕಟ್ಟಿಸಿದರು.

ಅವರ ಕೆಲಸದ ಕ್ರಮ ವಿಶಿಷ್ಟವಾಗಿತ್ತು. ಹುಲ್ಲಿನ ಬಣವೆಗಳಾಗಲಿ, ರುವಾನ್ ನಗರದ ಚರ್ಚಿನ ಮುಂಭಾಗವಾಗಲಿ, ಒಂದೇ ವಸ್ತುವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಂಜಿನಲ್ಲಿ, ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಬರೆಯುತ್ತಿದ್ದರು. ಹಲವು ಬಟ್ಟೆಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬದಿಗಿಟ್ಟು ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದರು. ಇಂಥ ಕೆಲಸಕ್ಕೆ ಕೈಚಳಕಕ್ಕಿಂತ ಹೆಚ್ಚಾಗಿ ಬೇಕಾದದ್ದು ಬಣ್ಣಗಳ ಅತಿ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವ ಕಣ್ಣು. ಆ ಕಣ್ಣಿಗೇ ಕುತ್ತು ಬಂತು.

ಪೊರೆ ಎಂದರೆ ಏನು?

ಮುಂದಿನ ಕಥೆ ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದುಕೊಳ್ಳಬೇಕು. ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಒಂದು ಮಸೂರವಿದೆ. ಹೊರಗಿನಿಂದ ಬಂದ ಬೆಳಕನ್ನು ಕಣ್ಣಿನ ಮುಂಭಾಗದ ಕಾರ್ನಿಯಾ ಮತ್ತು ಈ ಮಸೂರ ಎರಡೂ ಸೇರಿ ಹಿಂಭಾಗದ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತವೆ. ಮಸೂರಕ್ಕೆ ರಕ್ತನಾಳಗಳಿಲ್ಲ. ಅದರ ತಂತುಗಳಲ್ಲಿ ತುಂಬಿರುವ ಕ್ರಿಸ್ಟಲಿನ್ ಎಂಬ ಪ್ರೋಟೀನ್‌ಗಳು ಅಚ್ಚುಕಟ್ಟಾಗಿ ಜೋಡಣೆಗೊಂಡಿರುವುದರಿಂದಲೇ ಅದು ಪಾರದರ್ಶಕವಾಗಿದೆ. ಹಳೆಯ ತಂತುಗಳು ಉದುರಿ ಹೋಗುವುದಿಲ್ಲ. ಜೀವನದುದ್ದಕ್ಕೂ ಮಸೂರದೊಳಗೇ ಉಳಿಯುತ್ತವೆ. ವಯಸ್ಸಾದಂತೆ ಪ್ರೋಟೀನ್‌ಗಳು ಹಾಳಾಗಿ ಗಂಟುಕಟ್ಟುತ್ತವೆ. ಮೊಟ್ಟೆಯ ಲೋಳೆ ಬಿಸಿ ತಾಗಿದಾಗ ಬೆಳ್ಳಗಾಗುವುದನ್ನು ನೆನೆಸಿಕೊಂಡರೆ ಈ ಬದಲಾವಣೆಯನ್ನು ಊಹಿಸಬಹುದು. ಮಧುಮೇಹ, ಕಣ್ಣಿಗೆ ಪೆಟ್ಟು, ಸ್ಟೀರಾಯ್ಡ್ ಔಷಧಿಗಳ ದೀರ್ಘ ಬಳಕೆ, ಧೂಮಪಾನ, ಅತಿನೇರಳೆ ಕಿರಣ ಇವೂ ಪೊರೆಗೆ ಕಾರಣವಾಗುತ್ತವೆ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಇರುವುದೂ ಉಂಟು.

ಕನ್ನಡದ ಪೊರೆ ಎಂಬ ಮಾತು ಕೇಳಿದರೆ ಕಣ್ಣಿನ ಮೇಲೆ ತೆಳುವಾದ ಪರದೆ ಕಟ್ಟಿದೆ ಎನಿಸುತ್ತದೆ. ಉರ್ದುವಿನ ಮೋತಿಯಾ ಎಂಬ ಹೆಸರು ಪಾಪೆಯೊಳಗೆ ಮುತ್ತಿನಂತೆ ಕಾಣುವ ಬಿಳುಪಿನಿಂದ ಬಂದದ್ದು. ಮಧ್ಯಯುಗದ ಅರಬ್ ವೈದ್ಯರು ಇದನ್ನು ಕಣ್ಣಿನೊಳಗೆ ಇಳಿದು ಬಂದ ನೀರು ಎಂದು ಕರೆದರು. ಅವರ ಗ್ರಂಥಗಳು ಲ್ಯಾಟಿನ್‌ಗೆ ಅನುವಾದವಾದಾಗ ಆ ಮಾತು ಜಲಪಾತ ಎಂಬರ್ಥದ ಪದವಾಗಿ, ಇಂದಿನ ಕ್ಯಾಟರಾಕ್ಟ್ ಎಂಬ ಹೆಸರು ಬಳಕೆಗೆ ಬಂತು. ವಾಸ್ತವದಲ್ಲಿ ಪರದೆಯೂ ಇಲ್ಲ, ನೀರೂ ಇಲ್ಲ. ಮಂಕಾಗುವುದು ಕಣ್ಣಿನದೇ ಮಸೂರ. ಹಾಗಾಗಿ ಒರೆಸಿ ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ. ಹನಿ ಔಷಧಿಯಿಂದ ಅದು ಕರಗುವುದೂ ಇಲ್ಲ.

ಚಿಕಿತ್ಸೆಯ ಪ್ರಯತ್ನಗಳು ಬಹಳ ಹಳೆಯವು. ಮಂಕಾದ ಮಸೂರವನ್ನು ಉಪಕರಣದಿಂದ ಬದಿಗೆ ಸರಿಸುವ ವಿಧಾನ ಭಾರತದ ಸುಶ್ರುತ ಸಂಹಿತೆಯಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ, ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ವೈದ್ಯರಾಗಿದ್ದ ಅಮ್ಮಾರ್ ಇಬ್ನ್ ಅಲೀ ಅಲ್-ಮೌಸಿಲಿ ಅವರು ಲೋಹದ ಟೊಳ್ಳು ಸೂಜಿಯಿಂದ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ತಮ್ಮ ಗ್ರಂಥದಲ್ಲಿ ವಿವರಿಸಿದರು. 18ನೇ ಶತಮಾನದಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಅವರು ಕಣ್ಣನ್ನು ಸೀಳಿ ಮಸೂರವನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಮೋನೆಯವರ ಕಾಲಕ್ಕೆ ಅದು ಸುಧಾರಿಸಿತ್ತಾದರೂ ಅಪಾಯ ಇದ್ದೇ ಇತ್ತು.

ಮುಂದೂಡುತ್ತಾ ಹೋದ ವರ್ಷಗಳು

1911ರಲ್ಲಿ ಮೋನೆಯವರ ಎರಡನೆಯ ಪತ್ನಿ ಆಲಿಸ್ ತೀರಿಕೊಂಡರು. ಮರುವರ್ಷ ಕಣ್ಣಿನ ತೊಂದರೆಗಾಗಿ ವೈದ್ಯರನ್ನು ಕಂಡಾಗ ಎರಡೂ ಕಣ್ಣುಗಳಲ್ಲಿ ಪೊರೆ ಇರುವುದು ಗೊತ್ತಾಯಿತು. ಬಲಗಣ್ಣಿನ ಸ್ಥಿತಿ ಹೆಚ್ಚು ಕೆಟ್ಟಿತ್ತು. ಆದರೆ ಮೋನೆ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಇನ್ನಷ್ಟು ವೈದ್ಯರ ಅಭಿಪ್ರಾಯ ಕೇಳಿದರು, ಕಾದು ನೋಡಲು ನಿರ್ಧರಿಸಿದರು. 1914ರಲ್ಲಿ ಹಿರಿಯ ಮಗ ಜಾನ್ ಕೂಡ ತೀರಿಕೊಂಡರು. ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾಯಿತು. ಜಾನ್ ಅವರ ಪತ್ನಿ ಬ್ಲಾಂಶ್ ಮಾವನ ಜೊತೆಗೇ ಉಳಿದು ಅವರನ್ನು ನೋಡಿಕೊಂಡರು.

ಮೋನೆಯವರ ಭಯ ಆಧಾರವಿಲ್ಲದ್ದಲ್ಲ. ಆಗ ಆಂಟಿಬಯಾಟಿಕ್ ಔಷಧಿಗಳು ಇರಲಿಲ್ಲ. ಕಣ್ಣಿನ ಸೀಳು ದೊಡ್ಡದಾಗಿರುತ್ತಿತ್ತು. ಸೋಂಕು ತಗುಲಿದರೆ ಕಣ್ಣೇ ಹೋಗಬಹುದಿತ್ತು. ಅವರ ವಲಯದ ಚಿತ್ರಕಾರ್ತಿ ಮೇರಿ ಕಸಾಟ್ ಅವರಿಗೂ ಪೊರೆ ಬಂದು, ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗಳು ಫಲ ಕೊಡಲಿಲ್ಲ. ಇದರ ಜೊತೆಗೆ ಚಿತ್ರಕಾರರಿಗೆ ಮಾತ್ರ ಇರುವ ಇನ್ನೊಂದು ಭಯವೂ ಇತ್ತು: ಶಸ್ತ್ರಚಿಕಿತ್ಸೆಯ ನಂತರ ಬಣ್ಣಗಳು ಮೊದಲಿನಂತೆ ಕಾಣದಿದ್ದರೆ?

ಆದರೆ ಬಣ್ಣಗಳು ಆಗಲೇ ಮೊದಲಿನಂತೆ ಕಾಣುತ್ತಿರಲಿಲ್ಲ. ವಯಸ್ಸಿನಿಂದ ಬರುವ ಪೊರೆಯಲ್ಲಿ ಮಸೂರ ಮಂಕಾಗುವುದರ ಜೊತೆಗೆ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಹಳದಿ ಗಾಜಿನಂತೆ ಅದು ಕಡಿಮೆ ತರಂಗಾಂತರದ ನೇರಳೆ ಮತ್ತು ನೀಲಿ ಬೆಳಕನ್ನು ತಡೆಯುತ್ತದೆ. ಕೆಂಪು, ಹಳದಿ ಮಾತ್ರ ಸುಲಭವಾಗಿ ದಾಟುತ್ತವೆ. ಬದಲಾವಣೆ ವರ್ಷಗಟ್ಟಲೆ ಮೆಲ್ಲಗೆ ನಡೆಯುವುದರಿಂದ ಎಷ್ಟು ಕಳೆದುಹೋಗಿದೆ ಎಂಬುದು ರೋಗಿಗೇ ತಿಳಿಯುವುದಿಲ್ಲ. ಮೋನೆ ಬಣ್ಣದ ಟ್ಯೂಬ್‌ಗಳ ಮೇಲಿನ ಹೆಸರನ್ನು ನಂಬಿ, ಹಲಗೆಯ ಮೇಲೆ ಪ್ರತಿಯೊಂದು ಬಣ್ಣವನ್ನೂ ನಿಗದಿತ ಜಾಗದಲ್ಲೇ ಇಟ್ಟುಕೊಂಡು ಕೆಲಸ ಮಾಡತೊಡಗಿದರು. ಬಿಸಿಲು ಕಣ್ಣಿಗೆ ಕುಕ್ಕದಂತೆ ಅಗಲ ಅಂಚಿನ ಹುಲ್ಲಿನ ಟೋಪಿ ಧರಿಸಿದರು.

1899ರ ಸುಮಾರಿಗೆ ಅವರು ಬರೆದ ಜಪಾನಿ ಸೇತುವೆಯ ಚಿತ್ರಗಳನ್ನೂ, ಅದೇ ಸೇತುವೆಯನ್ನು 1918ರ ನಂತರ ಬರೆದ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲಿನವುಗಳಲ್ಲಿ ತಂಪಾದ ಹಸಿರು, ನೀಲಿ, ಸ್ಪಷ್ಟವಾದ ಸೇತುವೆ. ನಂತರದವುಗಳಲ್ಲಿ ಉರಿಯುವ ಕೆಂಪು, ಕಿತ್ತಳೆ, ಕಂದು. ಸೇತುವೆಯ ಗುರುತು ಸಿಗುವುದೇ ಕಷ್ಟ. ಇದರಲ್ಲಿ ಕಣ್ಣಿನ ಪಾಲೆಷ್ಟು, ಕಲಾವಿದರ ಆಯ್ಕೆಯ ಪಾಲೆಷ್ಟು ಎಂಬ ಚರ್ಚೆ ಇಂದಿಗೂ ಇದೆ. ಅದೇನೇ ಇರಲಿ, ತಮಗೆ ಬಣ್ಣಗಳು ಸರಿಯಾಗಿ ಕಾಣುತ್ತಿಲ್ಲ ಎಂಬ ಸಂಕಟ ಮೋನೆಯವರಿಗೆ ಇದ್ದದ್ದಂತೂ ನಿಜ. ಸಿಟ್ಟಿನಲ್ಲಿ ಕೆಲವು ಚಿತ್ರಗಳನ್ನು ಅವರೇ ನಾಶ ಮಾಡಿದರು.

ಅವರ ಆಪ್ತ ಗೆಳೆಯ ಜಾರ್ಜ್ ಕ್ಲೆಮಾನ್ಸೊ ಯುದ್ಧಕಾಲದಲ್ಲಿ ಫ್ರಾನ್ಸಿನ ಪ್ರಧಾನಿಯಾಗಿದ್ದವರು, ವೈದ್ಯಶಾಸ್ತ್ರ ಓದಿದವರು. 1918ರ ನವೆಂಬರ್‌ನಲ್ಲಿ ಯುದ್ಧ ಮುಗಿದ ಮರುದಿನವೇ ಮೋನೆ ತಮ್ಮ ಚಿತ್ರಗಳನ್ನು ದೇಶಕ್ಕೆ ಕಾಣಿಕೆಯಾಗಿ ಕೊಡುವುದಾಗಿ ಅವರಿಗೆ ತಿಳಿಸಿದ್ದರು. ಎರಡು ಚಿತ್ರಗಳ ಆ ಕಾಣಿಕೆ ಬೆಳೆದು, ಎರಡು ದೊಡ್ಡ ಕೋಣೆಗಳನ್ನು ತುಂಬುವ ನೈದಿಲೆ ಚಿತ್ರಗಳ ಯೋಜನೆಯಾಯಿತು. 1922ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿಯೂ ಆಯಿತು. ಆದರೆ ಚಿತ್ರಗಳನ್ನು ಮುಗಿಸಲು ಕಣ್ಣು ಕಾಣಬೇಕಲ್ಲ!

1922ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ನೇತ್ರತಜ್ಞ ಶಾರ್ಲ್ ಕುತೆಲಾ ಅವರು ಪರೀಕ್ಷಿಸಿದಾಗ ಬಲಗಣ್ಣಿಗೆ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತಿತ್ತು. ಎಡಗಣ್ಣಿನಲ್ಲಿ ಸುಮಾರು ಹತ್ತನೇ ಒಂದು ಭಾಗ ದೃಷ್ಟಿ ಉಳಿದಿತ್ತು. ಎಡಗಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದಾಗ ಸ್ವಲ್ಪ ಚೆನ್ನಾಗಿ ಕಂಡಿತು. ಪಾಪೆ ಅಗಲವಾದರೆ ಮಸೂರದ ಅಂಚಿನ ಕಡಿಮೆ ಮಂಕಾದ ಭಾಗದಿಂದ ಬೆಳಕು ಒಳಗೆ ಹೋಗುತ್ತದೆ. ಅದರಿಂದ ಸಿಕ್ಕಿದ ಉಪಶಮನ ಅದು. ಮೋನೆ ಹಿಗ್ಗಿದರು. ಆದರೆ ಆ ಪ್ರಯೋಜನ ಬಹಳ ದಿನ ಉಳಿಯಲಿಲ್ಲ. ಕ್ಲೆಮಾನ್ಸೊ ಅವರ ಒತ್ತಾಯದಿಂದ ಕೊನೆಗೂ ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಒಪ್ಪಿದರು.

ಶಸ್ತ್ರಚಿಕಿತ್ಸೆ

1923ರ ಜನವರಿಯಲ್ಲಿ, ಮೋನೆಯವರ 82ನೇ ವಯಸ್ಸಿನಲ್ಲಿ, ಕುತೆಲಾ ಅವರು ಎರಡು ಹಂತಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಮೊದಲು ಕಣ್ಣಿನ ಐರಿಸ್‌ನ ಒಂದು ಚೂರನ್ನು ತೆಗೆದರು. ಕೆಲವು ವಾರಗಳ ಬಳಿಕ ಮಂಕಾದ ಮಸೂರವನ್ನು ಹೊರತೆಗೆದರು. ನಂತರದ ದಿನಗಳು ಶಸ್ತ್ರಚಿಕಿತ್ಸೆಗಿಂತಲೂ ಕಠಿಣವಾಗಿದ್ದವು. ಗಾಯ ಬಿಚ್ಚಿಕೊಳ್ಳದಂತೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆ ಅಲುಗಾಡದಂತೆ ಇಕ್ಕೆಲಗಳಲ್ಲಿ ಮರಳಿನ ಚೀಲ ಇರಿಸಿಕೊಂಡು ದಿನಗಟ್ಟಲೆ ಅಂಗಾತ ಮಲಗಬೇಕಿತ್ತು. ಜೀವನವಿಡೀ ಬಯಲಲ್ಲಿ ಓಡಾಡಿದ ಮೋನೆಗೆ ಇದು ಸಹಿಸಲಾಗದ ಶಿಕ್ಷೆ. ಪಟ್ಟಿಯನ್ನು ಕಿತ್ತೆಸೆಯಲೂ ಹೋದರು.

ಕೆಲವು ತಿಂಗಳ ಬಳಿಕ ಮತ್ತೆ ಮಂಜು ಕವಿಯಿತು. ಮಸೂರ ತೆಗೆದ ಮೇಲೂ ಒಳಗೆ ಉಳಿಯುವ ಅದರ ತೆಳು ಚೀಲ ಮಂಕಾಗಿತ್ತು. ಅದಕ್ಕಾಗಿ ಅದೇ ವರ್ಷದ ಬೇಸಿಗೆಯಲ್ಲಿ ಮೂರನೆಯ ಬಾರಿ ಶಸ್ತ್ರಚಿಕಿತ್ಸೆ ಆಯಿತು.

ನೀಲಿಯಾಗಿ ಕಂಡ ಜಗತ್ತು

ಮಸೂರವನ್ನೇ ತೆಗೆದ ಕಣ್ಣು ಬೆಳಕನ್ನು ಕೇಂದ್ರೀಕರಿಸುವುದು ಹೇಗೆ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಕುತೂಹಲದ ಪ್ರಶ್ನೆ. ನಮ್ಮ ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಮಸೂರದ್ದು. ಆ ನಷ್ಟ ತುಂಬಲು ಆಗ ಇದ್ದ ದಾರಿ ಸುಮಾರು 10 ಡಯಾಪ್ಟರ್‌ನ ದಪ್ಪ ಪೀನ ಮಸೂರದ ಕನ್ನಡಕ. ಅದು ಕಣ್ಣಿನಿಂದ ದೂರದಲ್ಲಿ ಕೂರುವುದರಿಂದ ವಸ್ತುಗಳನ್ನು ಸುಮಾರು ಕಾಲು ಭಾಗದಷ್ಟು ದೊಡ್ಡದಾಗಿ ತೋರಿಸುತ್ತದೆ; ಅಂಚಿನಲ್ಲಿ ನೇರ ಗೆರೆಗಳೂ ಬಾಗುತ್ತವೆ. ಒಂದು ಕಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆ ಆಗಿದ್ದರೆ ಎರಡು ಕಣ್ಣುಗಳ ಬಿಂಬಗಳು ಬೇರೆ ಬೇರೆ ಗಾತ್ರದವಾಗಿ, ಮೆದುಳು ಅವನ್ನು ಒಂದುಗೂಡಿಸಲಾರದು. ಮೆಟ್ಟಿಲು ಇಳಿಯುವುದೂ ಕಷ್ಟವಾಗುತ್ತದೆ. ಆದ್ದರಿಂದ ಮೋನೆ ಕನ್ನಡಕದ ಒಂದು ಗಾಜನ್ನು ಮುಚ್ಚಿ ಒಂದೇ ಕಣ್ಣಿನಿಂದ ನೋಡಬೇಕಾಯಿತು.

ಬಣ್ಣಗಳ ಪರಿಸ್ಥಿತಿ ಇನ್ನೂ ವಿಚಿತ್ರ. ಹಳದಿ ಶೋಧಕದಂತಿದ್ದ ಮಸೂರ ಹೋದ ಮೇಲೆ ಇಷ್ಟು ವರ್ಷ ತಡೆಹಿಡಿದಿದ್ದ ನೀಲಿ ಬೆಳಕೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಎಲ್ಲವೂ ನೀಲಿಯಾಗಿ ಕಂಡಿತು. ಶಸ್ತ್ರಚಿಕಿತ್ಸೆ ಆಗದ ಎಡಗಣ್ಣಿಗೆ ಅದೇ ತೋಟ ಹಳದಿ, ಕಂದು. ಒಬ್ಬರೇ ಮನುಷ್ಯರಿಗೆ ಎರಡು ಕಣ್ಣುಗಳಿಂದ ಎರಡು ಲೋಕ. ಮೋನೆ ಕುತೆಲಾ ಅವರ ಮೇಲೆ ರೇಗಿದರು, ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಕ್ಕೆ ಪಶ್ಚಾತ್ತಾಪಪಟ್ಟರು, ಎಡಗಣ್ಣನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ.

ವೈದ್ಯರು ಕೈಬಿಡಲಿಲ್ಲ. ಬಣ್ಣದ ಗಾಜುಗಳನ್ನು ಹಾಕಿಸಿ ನೋಡಿದರು. 1924ರಲ್ಲಿ ಜಾಕ್ ಮವಾಸ್ ಎಂಬ ಇನ್ನೊಬ್ಬ ನೇತ್ರತಜ್ಞರು ಜರ್ಮನಿಯ ಜೈಸ್ ಕಂಪನಿಯ ಹೊಸ ಕನ್ನಡಕ ತರಿಸಿಕೊಟ್ಟರು. ನಿಧಾನವಾಗಿ ಕಣ್ಣೂ ಮನಸ್ಸೂ ಹೊಂದಿಕೊಂಡವು. 1925ರ ಹೊತ್ತಿಗೆ ದೃಷ್ಟಿಯ ಬಗ್ಗೆ ಮೋನೆಗೆ ಸಮಾಧಾನವಾಗಿತ್ತು. ಮತ್ತೆ ಹುರುಪಿನಿಂದ ಕುಂಚ ಹಿಡಿದು ನೈದಿಲೆಯ ಬೃಹತ್ ಚಿತ್ರಗಳನ್ನು ತಿದ್ದಿದರು.

1926ರ ಡಿಸೆಂಬರ್ 5ರಂದು, 86ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ಜಿವರ್ನಿಯಲ್ಲಿ ನಿಧನರಾದರು. ಕೊನೆಯವರೆಗೂ ಆ ಚಿತ್ರಗಳನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. 1927ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಒರಾಂಜರಿ ವಸ್ತುಸಂಗ್ರಹಾಲಯದ ಎರಡು ಅಂಡಾಕಾರದ ಕೋಣೆಗಳಲ್ಲಿ ಅವು ಜನರಿಗೆ ತೆರೆದುಕೊಂಡವು. ಸುಮಾರು 2 ಮೀಟರ್ ಎತ್ತರದ ಎಂಟು ಚಿತ್ರಗಳು ಗೋಡೆಗಳನ್ನು ಸುತ್ತುವರಿದಿವೆ. ಶಸ್ತ್ರಚಿಕಿತ್ಸೆಯಿಂದ ಮರಳಿ ಬಂದ ಆ ಒಂದು ಕಣ್ಣು ಅವುಗಳನ್ನು ಮುಗಿಸಲು ನೆರವಾಯಿತು.

ಇಂದಿನ ಚಿಕಿತ್ಸೆ, ನಮ್ಮ ಕರ್ತವ್ಯ

ಮೋನೆ ಪಟ್ಟ ಪಾಡು ಒಂದೊಂದಕ್ಕೂ ವಿಜ್ಞಾನ ಇಂದು ಉತ್ತರ ಕೊಟ್ಟಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಬಗೆಯ ವಸ್ತುವಿನಿಂದ ಮಾಡಿದ ಕೃತಕ ಮಸೂರವನ್ನು 1949ರಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣಿನೊಳಗೆ ಅಳವಡಿಸಿದರು. ಆ ದಾರಿಯಿಂದಾಗಿ ದಪ್ಪ ಕನ್ನಡಕದ ಕಾಲ ಮುಗಿಯಿತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನ ತಂದರು. ಈಗ 2–3 ಮಿಲಿಮೀಟರ್ ಸೀಳು ಸಾಕು. ಮಡಚಿದ ಕೃತಕ ಮಸೂರ ಅದರ ಮೂಲಕವೇ ಒಳಗೆ ಹೋಗಿ ಅರಳಿಕೊಳ್ಳುತ್ತದೆ. ಹೊಲಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮರಳಿನ ಚೀಲಗಳ ನಡುವೆ ಮಲಗುವುದಿಲ್ಲ; ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಮುಂದೆ ಮಸೂರದ ಚೀಲ ಮಂಕಾದರೆ ಕೆಲವೇ ನಿಮಿಷಗಳ ಲೇಸರ್ ಚಿಕಿತ್ಸೆ ಸಾಕಾಗುತ್ತದೆ.

ಮೋನೆ ಹೆದರಿದ್ದಕ್ಕೆ ಅಂದು ಗಟ್ಟಿಯಾದ ಕಾರಣಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಹಿರಿಯರು ಹೆದರಿ ಕೂರುತ್ತಾರೆ. ಪೊರೆ ಬಲಿಯಲಿ, ಆಮೇಲೆ ನೋಡೋಣ ಎಂಬ ಹಳೆಯ ಮಾತು ಇನ್ನೂ ಕೇಳಿಬರುತ್ತದೆ. ಈಗ ಬಲಿಯುವವರೆಗೆ ಕಾಯಬೇಕಾಗಿಲ್ಲ. ದಿನನಿತ್ಯದ ಕೆಲಸಕ್ಕೆ ದೃಷ್ಟಿ ತೊಡಕಾದಾಗ ಮಾಡಿಸಿಕೊಳ್ಳಬಹುದು. ತೀರಾ ಬಲಿತ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯನ್ನೇ ಕಷ್ಟ ಮಾಡುತ್ತದೆ. ಕೆಲವೊಮ್ಮೆ ಕಣ್ಣಿನೊಳಗಿನ ಒತ್ತಡವನ್ನೂ ಏರಿಸುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಅಜ್ಜ-ಅಜ್ಜಿ, ದಾದಾ-ದಾದಿ, ನಾನಾ-ನಾನಿಯರನ್ನು ಗಮನಿಸಿ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೇ? ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲವೇ? ರಾತ್ರಿ ವಾಹನಗಳ ದೀಪ ಕಣ್ಣಿಗೆ ಕುಕ್ಕುತ್ತಿದೆಯೇ? ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿದೆಯೇ? ವಯಸ್ಸಾಯಿತು ಎಂದು ಅವರು ಸುಮ್ಮನಿರಬಹುದು, ಮಕ್ಕಳಿಗೆ ತೊಂದರೆ ಬೇಡವೆಂದು ಹೇಳದೆಯೂ ಇರಬಹುದು. ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಮಂಕಾಗಲು ಪೊರೆಯೇ ಕಾರಣವೋ, ಗ್ಲಾಕೋಮಾ ಅಥವಾ ಮಧುಮೇಹದಿಂದ ಅಕ್ಷಿಪಟಲಕ್ಕಾದ ಹಾನಿಯೋ ಎಂಬುದು ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಪೊರೆಯಿಂದ ಹೋದದ್ದು ಸಾಮಾನ್ಯವಾಗಿ ಮರಳುತ್ತದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದ್ದು, ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹೇಳಿದ ಹೊತ್ತಿಗೆ ಹನಿ ಹಾಕುವುದು, ಕಣ್ಣು ಉಜ್ಜದಂತೆ ನೋಡಿಕೊಳ್ಳುವುದು, ನೋವು ಅಥವಾ ಕೆಂಪು ಹೆಚ್ಚಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯ ಮಕ್ಕಳು ಮಾಡಬಹುದಾದ ಸೇವೆ.

ಮೋನೆಯವರಿಗೆ ಧೈರ್ಯ ಹೇಳಿ ಒಪ್ಪಿಸಲು ಕ್ಲೆಮಾನ್ಸೊ ಎಂಬ ಗೆಳೆಯರಿದ್ದರು. ನಮ್ಮ ಮನೆಯ ಹಿರಿಯರಿಗೆ ಆ ಮಾತು ಹೇಳಬೇಕಾದವರು ನಾವು.